ಸ್ಕ್ರಿಪ್ಟಲ್ಲಿ ಕೋಪ ಬರೆಯೋದು ಹೇಗೆ? ನನ್ನ ಪಾತ್ರಗಳೆಲ್ಲ ಒಂದೇ ಥರ ಕಿರುಚ್ತಿವೆ

ಖಾಲಿಹಾಳೆ:

ಎಲ್ರಿಗೂ ನಮಸ್ಕಾರ. ಒಂದು ಶಾರ್ಟ್ ಫಿಲ್ಮ್‌ಗೆ ಸ್ಕ್ರಿಪ್ಟ್ ಬರೀತಿದೀನಿ, ಪೂರ್ತಿ ಒಂದೇ ಮನೆ ಒಳಗೆ ನಡೆಯೋ ಕತೆ, ಅಕ್ಕ ತಮ್ಮ ಇಬ್ರೇ ಪಾತ್ರ. ಅಪ್ಪ ತೀರ್ಕೊಳ್ಳೋ ಮುಂಚೆ ಮನೇನ ತಮ್ಮನ ಹೆಸರಿಗೆ ಬರ್ದಿಟ್ಟಿದಾರೆ, ಆದ್ರೆ ಪತ್ರ ಇರೋದು ಅಕ್ಕನ ಬೀರುವಲ್ಲಿ. ತಮ್ಮ ಒಂದು ಮಾತೂ ಹೇಳದೆ ಆ ಪತ್ರ ತೆಗ್ದು ಬ್ಯಾಂಕಲ್ಲಿ ಅಡ ಇಟ್ಟು ಸಾಲ ಮಾಡಿದಾನೆ. ಕಂತು ಕಟ್ಟಿಲ್ಲ ಅಂತ ಬ್ಯಾಂಕಿಂದ ಲೆಟರ್ ಬರತ್ತೆ, ಅದನ್ನ ಅಕ್ಕ ಒಡೆದು ನೋಡ್ತಾಳೆ. ಅವಳು ಹೈಸ್ಕೂಲ್ ಟೀಚರ್, ಮನೇಲಿ ದನಿ ಎತ್ತಿ ಮಾತಾಡೋಳಲ್ಲ, ತಾಯಿ ಇಲ್ಲದ ತಮ್ಮನ್ನ ಸಾಕಿದ್ದೂ ಅವಳೇ. ಇಡೀ ಸಿನಿಮಾ ನಿಲ್ಲೋದು ಅವಳಿಗೆ ಸಿಟ್ಟು ಬರೋ ಆ ಒಂದು ಸೀನ್ ಮೇಲೆ.

ನಾನು ಬರ್ದಿರೋದು ಹೀಗಿದೆ:

ಅಕ್ಕ: ನೀನು ನನಗೆ ಮೋಸ ಮಾಡಿದೆ! ನಿನ್ನನ್ನು ಮಗನಂತೆ ಬೆಳೆಸಿದ್ದಕ್ಕೆ ಇದೇನಾ ನೀನು ಕೊಟ್ಟ ಪ್ರತಿಫಲ?
ತಮ್ಮ: ಸಾಕು ನಿಲ್ಲಿಸು! ನನ್ನ ಕಷ್ಟ ನಿನಗೇನು ಗೊತ್ತು?
ಅಕ್ಕ: ಇನ್ನು ಮುಂದೆ ನಿನಗೂ ನನಗೂ ಯಾವ ಸಂಬಂಧವೂ ಇಲ್ಲ!

ಓದಿದ್ರೆ ಸೀರಿಯಲ್ ಥರ ಕೇಳತ್ತೆ. ರೀಡಿಂಗ್ ಮಾಡಿದಾಗ ಅಕ್ಕನ ಪಾತ್ರ ಮಾಡ್ತಿರೋ ಕಲಾವಿದೆ "ಇವಳು ಹೀಗೆ ಮಾತಾಡಲ್ಲ ಅನ್ಸತ್ತೆ" ಅಂದ್ರು, ಮತ್ತೆ ಹೇಗೆ ಮಾತಾಡ್ತಾಳೆ ಅಂದ್ರೆ ಅವರಿಗೂ ಹೇಳಕ್ಕಾಗ್ಲಿಲ್ಲ. ಬೈಗುಳ ಹಾಕಿದ್ರೆ ನಿಜ ಅನ್ಸತ್ತಾ, ಇಲ್ಲಾ ಸುಮ್ನೆ ಇರಿಸ್ಬೇಕಾ? ಸುಮ್ನಿದ್ರೆ ಆಯ್ತು ಅಂತ ತುಂಬಾ ಜನ ಹೇಳ್ತಾರೆ, ಆದ್ರೆ ಅದು ಬರೆಯೋಕಾಗ್ದೆ ತಪ್ಪಿಸ್ಕೊಂಡಂಗೆ ಅನ್ಸತ್ತೆ, ನಂಗೆ ಅವಳು ಮಾತಾಡ್ಲೇಬೇಕು. ಅನುಭವ ಇರೋರು ಹೇಳಿ.

ತಿದ್ದುಪಡಿ:

ನಿಮ್ಮ ಸಾಲುಗಳಲ್ಲಿ ಅಕ್ಕ ತನ್ನ ಕೋಪಕ್ಕೆ ವರದಿ ಕೊಡ್ತಿದಾಳೆ. ಮೋಸ, ಪ್ರತಿಫಲ, ಸಂಬಂಧ, ಇವೆಲ್ಲ ಸಿಟ್ಟು ಇಳಿದ್ಮೇಲೆ ಇನ್ನೊಬ್ಬರ ಹತ್ರ ನಡೆದಿದ್ದನ್ನ ಹೇಳ್ಕೊಳ್ವಾಗ ಬಾಯಿಗೆ ಬರೋ ಪದಗಳು. ಸಿಟ್ಟು ನೆತ್ತಿಗೇರಿದ ಹೊತ್ತಲ್ಲಿ ಮನುಷ್ಯರು ಅಷ್ಟು ದೊಡ್ಡ ವಿಷಯಕ್ಕೆ ಕೈ ಹಾಕಲ್ಲ, ಚಿಕ್ಕದೊಂದನ್ನ ಹಿಡ್ಕೊಂಡು ಜಗ್ಗಾಡ್ತಾರೆ. ಬೀರು ಕೀ ಎಲ್ಲಿತ್ತು, ಯಾವತ್ತು ತೆಗ್ದೆ, ಬೆಳಿಗ್ಗೆನಾ ಸಂಜೆನಾ, ಅವತ್ತು ನಾನೆಲ್ಲಿದ್ದೆ. ಈ ಪ್ರಶ್ನೆಗಳ ಉತ್ತರದಿಂದ ಅವಳಿಗೆ ಏನೂ ಆಗ್ಬೇಕಾಗಿಲ್ಲ, ಆದ್ರೂ ಕೇಳ್ತಾನೇ ಇರ್ತಾಳೆ, ಮೋಸ ಅನ್ನೋ ಪದ ಒಂದ್ಸಲಾನೂ ಬಳಸದೆ ಪ್ರೇಕ್ಷಕರಿಗೆ ಮೋಸ ಕಾಣಿಸತ್ತೆ.

ಇನ್ನೊಂದು, ಕನ್ನಡದಲ್ಲಿ ಸಿಟ್ಟಿಗೆ ಬೈಗುಳಕ್ಕಿಂತ ಮುಂಚೆ ವ್ಯಾಕರಣ ಇದೆ, ಬಹಳಷ್ಟು ಸ್ಕ್ರಿಪ್ಟ್‌ಗಳು ಅದನ್ನ ಮುಟ್ಟೋದೇ ಇಲ್ಲ. ನೀವು ಅಂತಿದ್ದೋರು ನೀನು ಅನ್ನೋಕೆ ಶುರು ಮಾಡೋದು ಎಲ್ರಿಗೂ ಗೊತ್ತಿರೋ ದಾರಿ, ಆಫೀಸ್ ಸೀನಲ್ಲೋ ಅತ್ತೆ ಅಳಿಯನ ಸೀನಲ್ಲೋ "ಏನ್ರೀ" ಹೋಗಿ "ಏನೋ" ಆದ ಕ್ಷಣ ಥಿಯೇಟರೇ ನೆಟ್ಟಗೆ ಕೂತ್ಕೊಳತ್ತೆ. ಆದ್ರೆ ನಿಮ್ಮ ಅಕ್ಕ ತಮ್ಮ ಮೊದ್ಲಿಂದ್ಲೂ ನೀನು ತಾನು, ಕೆಳಗಿಳಿಯೋಕೆ ಜಾಗಾನೇ ಇಲ್ಲ. ಅಂಥ ಸಂಬಂಧದಲ್ಲಿ ಸಿಟ್ಟು ಮೇಲಕ್ಕೆ ಹೋಗತ್ತೆ: ಬಾ ಅಂತಿದ್ದೋಳು ಬನ್ನಿ ಅಂತಾಳೆ. ಗಂಡ ಹೆಂಡತಿ, ಹಳೇ ಸ್ನೇಹಿತರು, ಒಡಹುಟ್ಟಿದೋರು, ಇವರ ಮಧ್ಯೆ ಬಹುವಚನ ಬಂತು ಅಂದ್ರೆ ಬಾಗಿಲು ಹಾಕಿದ ಹಾಗೇನೆ. ಒಂದೇ ಒಂದ್ಸಲ ಬರಿಸಿ, ಎರಡನೇ ಸಲ ಬಂದ್ರೆ ಅದು ವ್ಯಂಗ್ಯ ಆಗ್ಬಿಡತ್ತೆ.

ಆದ್ರೆ ಇದು ಕೆಲ್ಸ ಮಾಡ್ಬೇಕಂದ್ರೆ ಮೊದ್ಲು ಅವಳು ಸಿಟ್ಟಿಲ್ದಾಗ ಹೇಗೆ ಮಾತಾಡ್ತಾಳೆ ಅಂತ ಪ್ರೇಕ್ಷಕರ ಕಿವಿಗೆ ಬಿದ್ದಿರ್ಬೇಕು. "ಕಣೋ", "ಪುಟ್ಟಾ", "ಅಲ್ವೇನೋ" ಇವೆಲ್ಲ ಹಿಂದಿನ ಸೀನ್‌ಗಳಲ್ಲಿ ಧಾರಾಳವಾಗಿ ಬರ್ಲಿ. ಆಮೇಲೆ ಆ ಬಾಲಗಳು ಉದುರಿಹೋದ್ರೆ ಸಾಕು, ದನಿ ಎತ್ತಬೇಕಾಗೇ ಇಲ್ಲ.

ಮೂರನೇದು ವಾಕ್ಯದ ಕ್ರಮ. ಬರೆಯೋವಾಗ ನಮ್ಮ ಕ್ರಿಯಾಪದ ಕೊನೇಲಿ ಕೂತ್ಕೊಳತ್ತೆ, ಸಿಟ್ಟಲ್ಲಿ ಅದು ಮುಂದಕ್ಕೆ ನುಗ್ಗತ್ತೆ, ಉಳಿದಿದ್ದೆಲ್ಲ ಹಿಂದೆ ಎಳ್ಕೊಂಡು ಬರತ್ತೆ. "ನಾನು ನಿನ್ನಂಥವರನ್ನು ಬಹಳ ನೋಡಿದ್ದೇನೆ" ಅಂತ ಯಾರೂ ಜಗಳ ಆಡಲ್ಲ. "ನೋಡಿದೀನಿ ಹೋಗೋ ನಿನ್ನಂಥೋರ್ನ" ಅಂತಾರೆ. "ಗೊತ್ತಿತ್ತು ನಂಗೆ, ಹಿಂಗೇ ಮಾಡ್ತೀಯ ಅಂತ", "ಮುಟ್ಬೇಡ ಅದನ್ನ". ನಿಮ್ಮ ಡ್ರಾಫ್ಟಲ್ಲಿ ಎಲ್ಲಾ ವಾಕ್ಯವೂ ಕರ್ತೃ ಕರ್ಮ ಕ್ರಿಯೆ ಅಂತ ಸಾಲಾಗಿ ನಿಂತಿವೆ, ಸೀರಿಯಲ್ ವಾಸನೆ ಬರ್ತಿರೋದು ಬಹುಪಾಲು ಅದ್ರಿಂದ್ಲೇ.

ತಮ್ಮ "ನನ್ನ ಕಷ್ಟ ನಿನಗೇನು ಗೊತ್ತು" ಅಂದಾಗ ಎದುರಿನವರ ಪದಾನೇ ಕಿತ್ಕೊಂಡು ವಾಪಸ್ ಎಸೆಯೋ ಅಭ್ಯಾಸ ನಮ್ಮ ಭಾಷೇಲಿದೆ: "ಕಷ್ಟ ಅಂತೆ ಕಷ್ಟ!" "ಬಿಸಿನೆಸ್ಸಂತೆ ಗಿಸಿನೆಸ್ಸಂತೆ." ಅದಕ್ಕಿಂತ ಖಾರ ಬೇಕಂದ್ರೆ ಮನುಷ್ಯನ್ನ ನಪುಂಸಕಲಿಂಗಕ್ಕೆ ತಳ್ಳೋದು, ಪಕ್ಕದ ಮನೆಯವರು ತಮ್ಮ ಎಲ್ಲಿ ಅಂತ ಕೇಳಿದ್ರೆ "ಒಳಗೆ ಬಿದ್ಕೊಂಡಿದೆ ನೋಡಿ" ಅನ್ನೋದು. ನಿಮ್ಮ ಅಕ್ಕನ ಬಾಯಲ್ಲಿ ಇವೆರಡೂ ಹೊಂದಲ್ಲ ಅನ್ಸತ್ತೆ, ಆದ್ರೆ ಬೇರೆ ಪಾತ್ರಕ್ಕೆ ಇಟ್ಕೊಳ್ಳಿ.

ಬಯಲುಸೀಮಿ:

ತಿದ್ದುಪಡಿಯವರು ಹೇಳಿದ್ದು ಖರೆ ಐತಿ, ಆದ್ರ ಅಕ್ಕ ಯಾವ ಸೀಮಿಯಾಕಿ ಅನ್ನೂದು ಮೊದಲ ಠರಾವ ಮಾಡ್ರಿ. ನಮ್ಮ ಕಡೆ ದೋಸ್ತ ಸಿಕ್ಕಾಗ "ಏನಲೇ ಮಗನ, ಎಲ್ಲಿ ಹಾಳಾಗಿ ಹೋಗಿದ್ದಿ ಇಷ್ಟ ದಿನಾ" ಅಂದ್ರ ಅದು ಪ್ರೀತಿ. ಅದನ್ನ ಕೇಳಿ ದಕ್ಷಿಣದ ಮಂದಿ ಜಗಳ ಹತ್ತೇತಿ ಅಂತ ತಿಳ್ಕೋತಾರ. ಅದ ಮನಷ್ಯಾ ಖರೇನ ಸಿಟ್ಟಿಗೆದ್ದಾಗ "ಲೇ" ಬಿಟ್ಟು "ಯಾಕ್ರೀ, ಏನ್ರೀ ನಿಮ್ದು" ಅಂತ ರೀ ಹಚ್ಚತಾನ, ಆವಾಗ ದೂರ ನಿಂದ್ರಬೇಕು. ಅಂದ್ರ ಒಬ್ಬರಿಗೆ ಬೈಗುಳ ಅನಸೂ ಮಾತು ಇನ್ನೊಬ್ಬರಿಗೆ ದಿನದ ಮಾತು.

ಒಂದ ತಕರಾರು ನಂದು, ಭಾಳ ವರ್ಷದ್ದು. ಸಿನಿಮಾದಾಗ ಹೀರೋ ಶಾಂತ ಇರೂತನಾ ಪುಸ್ತಕದ ಕನ್ನಡಾ ಮಾತಾಡ್ತಾನ, ಸಿಟ್ಟ ಬಂದ ಕೂಡ್ಲೆ ಯಾವದೋ ಸೀಮಿ ಭಾಷಾ ಹಾಕ್ಕೊಂಡು ಬರ್ತಾನ, ರೌಡಿಗಳಂತೂ ಹುಟ್ಟಿದಾಗಿಂದ ಹಂಗ ಮಾತಾಡ್ತಾರ. ಒಂದು ಪ್ರದೇಶದ ಮಂದಿ ಮಕ್ಕಳನ್ನ ಮುದ್ದ ಮಾಡೂ ಭಾಷಾನ ಸಿಟ್ಟಿನ ಯೂನಿಫಾರ್ಮ್ ಮಾಡಿಬಿಟ್ಟಾರ, ಅದು ನನಗ ಬ್ಯಾಸರ ಆಗ್ತೈತಿ. ಶಾಲಿ ಕಲಿಸೂ ಅಕ್ಕ ಸಿಟ್ಟಿನ್ಯಾಗ ತನ್ನ ಮನಿ ಮಾತಿಗೆ ಹೊಳ್ಳತಾಳ ಅನ್ನೂದು ನಿಜ, ಕಲಿತ ಭಾಷಾ ಜಾರಿ ಹುಟ್ಟ ಭಾಷಾ ಮ್ಯಾಲ ಬರ್ತೈತಿ. ಆದ್ರ ಅದು ಆಕೀದ ಆಗಿರಬೇಕು, ಆಕಿ ಅವ್ವ ಮಾತಾಡಿದ್ದ ಭಾಷಾ ಆಗಿರಬೇಕು. ಎರವಲ ತಂದದ್ದ ಬ್ಯಾಡ್ರಿ.

ಮೈಕ್‌ಮುಂದೆ:

ನಾನು ಡಬ್ಬಿಂಗ್ ಆರ್ಟಿಸ್ಟ್, ಬರೆಯೋರಿಗೆ ಹೇಳಲೇಬೇಕು ಅಂತ ತುಂಬಾ ದಿನದಿಂದ ಅನ್ಕೊಂಡಿರೋ ವಿಷಯ ಒಂದಿದೆ. ಕನ್ನಡದಲ್ಲಿ "ಇಲ್ಲ" ಅನ್ನೋದು ವಾಕ್ಯದ ಬಾಲದಲ್ಲಿರತ್ತೆ. ಕೊಡ್ತೀನಿ, ಕೊಡಲ್ಲ. ಬರ್ತಾನೆ, ಬರಲ್ಲ. ಕಿರುಚುವಾಗ ಉಸಿರು ಖಾಲಿ ಆಗೋದೂ ಅದೇ ಬಾಲದಲ್ಲೇ. ಉದ್ದ ವಾಕ್ಯ ಕೊಟ್ಟು "ಇಷ್ಟೆಲ್ಲಾ ಆದ್ಮೇಲೂ ನಿನ್ನ ಮುಖ ನೋಡ್ಕೊಂಡು ಈ ಮನೇಲಿ ನಾನು ಇರಲ್ಲ" ಅಂತ ಕೂಗು ಅಂದ್ರೆ "ಈ ಮನೇಲಿ ನಾನು" ತನಕ ಕೇಳತ್ತೆ, ಆ "ಇರಲ್ಲ" ಅನ್ನೋದು ಬ್ಯಾಕ್‌ಗ್ರೌಂಡ್ ಮ್ಯೂಸಿಕ್ ಒಳಗೆ ಮುಳುಗಿಹೋಗತ್ತೆ, ಕೇಳೋರಿಗೆ ಇರ್ತಾಳೋ ಬಿಡ್ತಾಳೋ ಗೊತ್ತಾಗಲ್ಲ. "ಇರಲ್ಲ ನಾನು. ಈ ಮನೇಲಿ ಇರಲ್ಲ" ಅಂತ ಬರೀರಿ, ಮುಖ್ಯ ಪದಕ್ಕೆ ಉಸಿರು ತುಂಬಿರೋ ಜಾಗ ಸಿಗತ್ತೆ. ತಿದ್ದುಪಡಿಯವರು ಕ್ರಿಯಾಪದ ಮುಂದೆ ಬರತ್ತೆ ಅಂದ್ರಲ್ಲ, ಬಾಯಿ ತಾನಾಗೇ ಹಾಗೆ ಮಾಡೋದಕ್ಕೆ ಇದೂ ಒಂದು ಕಾರಣ ಅಂತ ನಂಗನ್ಸತ್ತೆ.

ಧ್ವನಿ ಮೇಲೆ ಅಧ್ಯಯನ ಮಾಡೋರು ಬಿಸಿ ಕೋಪ ತಣ್ಣನೆ ಕೋಪ ಅಂತ ಎರಡು ಬೇರೆ ಬೇರೆ ಇಟ್ಕೊಂಡಿದಾರೆ, ಮೈಕ್ ಮುಂದೆ ನಿಂತವರಿಗೆ ಅದು ಮೈಯಲ್ಲೇ ಗೊತ್ತಾಗತ್ತೆ. ಬಿಸೀದ್ರಲ್ಲಿ ಪಿಚ್ ಏರತ್ತೆ, ಸ್ವರಗಳು ಉದ್ದ ಆಗ್ತವೆ, ಮೈಕಿಂದ ಒಂದು ಹೆಜ್ಜೆ ಹಿಂದೆ ಹೋಗ್ಬೇಕು, ಇಲ್ಲಾಂದ್ರೆ ಧ್ವನಿ ಒಡ್ಕೊಳತ್ತೆ. ತಣ್ಣಗಿರೋದ್ರಲ್ಲಿ ಮೈಕ್ ಹತ್ರ ಬರ್ತೀವಿ, ಸ್ವರ ಗಿಡ್ಡ ಆಗಿ ವ್ಯಂಜನ ಗಟ್ಟಿ ಆಗತ್ತೆ, ಟ ಡ ಕ ಇವೆಲ್ಲ ಮೊಳೆ ಹೊಡೆದಂಗೆ ಬೀಳ್ಬೇಕು. ನಿಮ್ಮ ಅಕ್ಕಂದು ಎರಡನೇ ಜಾತಿ ಕೋಪ. ಅಂಥೋಳ ಬಾಯಿಗೆ "ಪ್ರತಿಫಲ", "ಸಂಬಂಧ" ಥರದ ಮೆತ್ತಗೆ ಉರುಳೋ ಪದ ಕೊಟ್ರೆ ಕಲಾವಿದೆ ಎಷ್ಟು ಒಳ್ಳೆಯವರಾದ್ರೂ ಏನೂ ಮಾಡಕ್ಕಾಗಲ್ಲ. "ಕೀ ಎಲ್ಲಿತ್ತು" ಅನ್ನೋ ಎರಡು ಪದದಲ್ಲಿ ಕಚ್ಚೋಕೆ ಎಷ್ಟು ಜಾಗ ಇದೆ ನೋಡಿ.

ಸಿಂಕ್ ಸೌಂಡಾ (ಶೂಟಿಂಗಲ್ಲೇ ಧ್ವನಿ ರೆಕಾರ್ಡ್ ಮಾಡೋದು) ಡಬ್ಬಿಂಗಾ ಅಂತ ಈಗ್ಲೇ ತೀರ್ಮಾನ ಮಾಡ್ಕೊಳ್ಳಿ. ಡಬ್ ಮಾಡೋದಾದ್ರೆ ಕ್ಲೋಸಪ್ಪಲ್ಲಿ ಪ ಬ ಮ ಬಂದಾಗ ತುಟಿ ಮುಚ್ಚೋದು ಎಲ್ರಿಗೂ ಕಾಣತ್ತೆ, ಆಮೇಲೆ ಆ ಸಾಲು ಬದಲಾಯಿಸ್ಬೇಕು ಅಂದ್ರೆ ತುಟಿ ಮುಚ್ಚೋ ಪದಾನೇ ಹುಡುಕ್ಬೇಕು, ಸಿಟ್ಟಿನ ಸೀನಲ್ಲಿ ಅದು ಬಹಳ ಹಿಂಸೆ.

ಚೌಕದಲ್ಲಿನಿಂತೋನು:

ಎಲ್ಲಾ ಸರಿ, ಆದ್ರೆ ಬೈಗುಳ ಅಂದ್ರೆ ಕೀಳು ಬರವಣಿಗೆ ಅನ್ನೋ ಧಾಟಿ ಈ ಥ್ರೆಡ್ಡಲ್ಲಿ ಶುರು ಆಗೋ ಮುಂಚೆ ಒಂದ್ಮಾತು ಹೇಳ್ಬಿಡ್ತೀನಿ. ಬೀದಿ ನಾಟಕ ಮಾಡ್ಕೊಂಡು ಬಂದೋನು ನಾನು, ನಮ್ಮ ಪಾತ್ರಗಳು ಕೂಲಿ ಮಾಡೋರು, ಲಾರಿ ಓಡ್ಸೋರು, ಮಾರ್ಕೆಟ್ಟಲ್ಲಿ ಕೂರೋರು. ಅವರಲ್ಲಿ ಕೆಲವರ ಮಾತಲ್ಲಿ ಬೈಗುಳ ಅಲ್ಪವಿರಾಮ ಇದ್ದಂಗೆ, ಖುಷಿಗೂ ಅದೇ ದುಃಖಕ್ಕೂ ಅದೇ. ಅದನ್ನ ತೆಗೆದ್ರೆ ಮನುಷ್ಯ ಸತ್ತೋಗ್ತಾನೆ. ಅಂಥ ಪಾತ್ರಕ್ಕೆ ನಿಜವಾದ ಸಿಟ್ಟು ಬಂದಿದೆ ಅಂತ ತೋರಿಸ್ಬೇಕಾ, ಬೈಗುಳ ನಿಲ್ಲಿಸಿಬಿಡಿ. ಪ್ರತಿ ಮಾತಿಗೂ ಅಮ್ಮ ಅಕ್ಕ ಅಂತಿದ್ದೋನು ಇದ್ದಕ್ಕಿದ್ದಂಗೆ ಶುದ್ಧವಾಗಿ "ನಾಳೆ ಬೆಳಿಗ್ಗೆ ಬರ್ತೀನಿ, ಮನೇಲಿರು" ಅಂದ್ರೆ ಎದೆ ಧಸಕ್ ಅನ್ನತ್ತೆ.

ಇನ್ನು ಶಾಪ. "ನಿನ್ ಮನೆ ಹಾಳಾಗ", "ನಿನ್ ಬಾಯಿಗ್ ಮಣ್ ಬೀಳ", "ನಿನ್ ವಂಶ ನಿರ್ವಂಶ ಆಗ". ಇದನ್ನ ಸಿನಿಮಾದಲ್ಲಿ ಕಾಮಿಡಿಗೆ ಬಳಸಿ ಬಳಸಿ ಹಾಳ್ಮಾಡಿದಾರೆ. ಶಾಪ ಅನ್ನೋದು ತಿರುಗಿಸಿ ಹೊಡೆಯೋಕಾಗ್ದೋರ ಸಿಟ್ಟು. ಅಧಿಕಾರ ಇರೋನು ಶಾಪ ಹಾಕಲ್ಲ, ಅವನಿಗೆ ಅದ್ರ ಅಗತ್ಯ ಇಲ್ಲ, "ಆಚೆ ಹಾಕಿ ಇವನ್ನ" ಅಂತ ಮೂರು ಪದ ಹೇಳಿ ಬೇರೆ ಕೆಲ್ಸ ನೋಡ್ತಾನೆ. ಜಮೀನು ಕಳ್ಕೊಂಡ ಮುದುಕಿ ಆಫೀಸಿನ ಗೇಟ್ ಮುಂದೆ ನಿಂತು ಮಣ್ಣು ತೂರಿ ಉದ್ದಕ್ಕೆ ಶಾಪ ಹಾಕ್ತಾಳೆ, ಯಾಕಂದ್ರೆ ಶಿಕ್ಷೆ ಕೊಡೋ ಕೆಲ್ಸಾನ ಅವಳು ದೇವರಿಗೆ ವಹಿಸ್ಬೇಕಾಗಿದೆ. ಸಿಟ್ಟಿನ ವಾಕ್ಯ ಗಿಡ್ಡ ಇರ್ಬೇಕಾ ಉದ್ದ ಇರ್ಬೇಕಾ ಅನ್ನೋದು ಯಾರ ಕೈಯಲ್ಲಿ ಎಷ್ಟು ಬಲ ಇದೆ ಅನ್ನೋದ್ರ ಮೇಲಿದೆ, ಇದನ್ನ ಬರೆಯೋರು ಮರೀಬಾರ್ದು.

ನಾನು ಒಪ್ಪದ ಬೈಗುಳ ಅಂದ್ರೆ ಜಾತಿ ಹೆಸರು ಹಿಡ್ದು, ಕುಂಟ ಕುರುಡ ಅಂತ ಬೈಯೋದು. ಹೊಡೆತ ತಿನ್ನೋದು ಎದುರಿಗಿರೋ ಪಾತ್ರ ಅಲ್ಲ, ಸೀಟಲ್ಲಿ ಕೂತು ಸಿನಿಮಾ ನೋಡ್ತಿರೋ ಮನುಷ್ಯ. ಪಾತ್ರದ ಕೀಳುತನ ತೋರಿಸೋಕೇ ಬರ್ದಿದ್ರೆ ಬೇರೆ ಮಾತು, ಹೀರೋ ಬಾಯಲ್ಲಿ ಚಪ್ಪಾಳೆ ಗಿಟ್ಟಿಸೋಕೆ ಬರೆಯೋದು ಬೇಡ.

ಸೆನ್ಸಾರ್ ಬಗ್ಗೆ ಯಾರೋ ಕೇಳೇ ಕೇಳ್ತಾರೆ ಅಂತ ಈಗ್ಲೇ: ಥಿಯೇಟರಿಗೆ ಹೋಗೋ ಸಿನಿಮಾಗೆ 1952ರ ಸಿನಿಮಾಟೋಗ್ರಾಫ್ ಕಾಯ್ದೆ ಪ್ರಕಾರ ಸರ್ಟಿಫಿಕೇಟ್ ಬೇಕು, 2024ರ ಹೊಸ ನಿಯಮದಲ್ಲಿ ಯುಎ (ಮಕ್ಕಳು ದೊಡ್ಡವರ ಮಾರ್ಗದರ್ಶನದಲ್ಲಿ ನೋಡೋ ವರ್ಗ) ಅನ್ನೋದನ್ನ 7+, 13+, 16+ ಅಂತ ಮೂರು ಮಾಡಿದಾರೆ. ಬೋರ್ಡು ಪದ ಮ್ಯೂಟ್ ಮಾಡಿ ಅಂದ್ರೆ ತುಟಿ ಆಡತ್ತೆ ಶಬ್ದ ಇರಲ್ಲ, ಸಾಲಿನ ಸಿಟ್ಟೆಲ್ಲ ಆ ಒಂದು ಪದದಲ್ಲೇ ಇದ್ರೆ ಸೀನ್ ಮುಗೀತು. ಬೈಗುಳ ಕಿತ್ತಾಕಿದ್ರೂ ನಿಲ್ಲೋ ಹಾಗೆ ವಾಕ್ಯ ಕಟ್ಟಿ. ಖಾಲಿಹಾಳೆಯವರು ಯೂಟ್ಯೂಬಿಗೆ ಹಾಕೋದಾದ್ರೆ ಬೋರ್ಡಿಗೆ ಹೋಗೋ ಪ್ರಮೇಯ ಇಲ್ಲ.

ಪಾಪ್‌ಕಾರ್ನ್‌ಪ್ರಿಯ:

ಮಧ್ಯದಲ್ಲಿ ಬಂದೆ, ಕ್ಷಮಿಸಿ. "ಸಾಯಿಸ್ಬಿಡ್ತೀನಿ", "ಕೊಂದಾಕ್ತೀನಿ" ಥರದ ಡೈಲಾಗ್ ಇನ್ನೂ ನಡೆಯತ್ತಾ? ನಂಗಂತೂ ಕೇಳಿ ಕೇಳಿ ಕಿವಿ ಸತ್ತೋಗಿದೆ.

ತಿದ್ದುಪಡಿ:

@ಪಾಪ್‌ಕಾರ್ನ್‌ಪ್ರಿಯ ನಡೆಯತ್ತೆ, ಆ ಮಾತು ಎಷ್ಟು ಟೊಳ್ಳು ಅನ್ನೋದನ್ನೇ ಕತೆ ಮಾಡ್ಕೊಂಡ್ರೆ. 1957ರ "12 ಆಂಗ್ರಿ ಮೆನ್" ನೋಡಿಲ್ಲಾಂದ್ರೆ ನೋಡಿ, ಹಿಂದೀಲಿ 1986ರಲ್ಲಿ "ಏಕ್ ರುಕಾ ಹುವಾ ಫೈಸ್ಲಾ" ಅಂತ ಬಂತು. ಹುಡುಗನೊಬ್ಬ ಅಪ್ಪನಿಗೆ ಕೊಂದುಬಿಡ್ತೀನಿ ಅಂತ ಕೂಗಿದ್ದನ್ನ ನೆರೆಯವರು ಕೇಳಿಸ್ಕೊಂಡಿದಾರೆ, ಅಪ್ಪನ ಕೊಲೆ ಕೇಸಲ್ಲಿ ಅದೇ ಅವನ ವಿರುದ್ಧ ಒಂದು ಸಾಕ್ಷಿ. ಅನ್ನೋದು ಬೇರೆ ಮಾಡೋದು ಬೇರೆ ಅಂತ ಒಬ್ಬ ಜ್ಯೂರಿ (ತೀರ್ಪು ಹೇಳೋಕೆ ಕೂತ ಹನ್ನೆರಡು ಜನರಲ್ಲೊಬ್ಬ) ವಾದಿಸ್ತಾನೆ, ಇನ್ನೊಬ್ಬ ಒಪ್ಪಲ್ಲ. ಸ್ವಲ್ಪ ಹೊತ್ತಿಗೆ ಒಪ್ಪದೋನಿಗೇ ತಾಳ್ಮೆ ತಪ್ಪಿ ಇವನ ಮೇಲೆ ನುಗ್ಗಿ ಅದೇ ಮಾತು ಕೂಗ್ತಾನೆ, ಇವನು ಶಾಂತವಾಗಿ, ನಿಜವಾಗ್ಲೂ ಕೊಲ್ಲಬೇಕು ಅಂತೇನೂ ಇಲ್ವಲ್ಲ ಅಂತ ಕೇಳ್ತಾನೆ. ವಾದ ಅಲ್ಲೇ ಮುಗೀತು. ಎಲ್ಲಾ ಸಿನಿಮಾದಲ್ಲೂ ಬರೋ ಸವಕಲು ಸಾಲನ್ನ ಒಂದು ಕೇಸಿನ ಕೀಲು ಮಾಡಿದಾರೆ.

ಹಳೇರೀಲು:

ತಡವಾಗಿ ನೋಡ್ದೆ. ಸಿಟ್ಟಿನ ಡೈಲಾಗ್ ಅಂದ್ರೆ ಜೋರು, ಉದ್ದ, ಸಂಸ್ಕೃತ ಪದ ಅನ್ನೋ ರೂಢಿ ನಮಗೆ ಎಲ್ಲಿಂದ ಬಂತು ಅಂತ ನಂದೂ ನಾಲ್ಕು ಮಾತು. 1934ರಲ್ಲಿ "ಸತಿ ಸುಲೋಚನಾ" ಬಂದಾಗಿಂದ ನಮ್ಮ ವಾಕ್ಚಿತ್ರಗಳಲ್ಲಿ ನಟಿಸಿದ್ದು, ಮಾತು ಬರ್ದಿದ್ದು ಹೆಚ್ಚಾಗಿ ಕಂಪನಿ ನಾಟಕದವರು, ಸುಬ್ಬಯ್ಯನಾಯ್ಡು, ನಾಗೇಂದ್ರರಾಯರು ಎಲ್ಲ ಅಲ್ಲಿಂದ ಬಂದವರೇ. ರಂಗದ ಮೇಲೆ ಕೊನೇ ಸಾಲಲ್ಲಿ ಕೂತವನಿಗೂ ಕೇಳ್ಬೇಕು, ಮುಖ ಕಾಣ್ಸಲ್ಲ, ಹಾಗಾಗಿ ಕೋಪಾನ ಕಂಠದಲ್ಲೇ ಕಟ್ಟಬೇಕಿತ್ತು. ಕ್ಯಾಮೆರಾ ಹತ್ರ ಬಂದು ರೆಪ್ಪೆ ಅಲುಗಿದ್ರೂ ಕಾಣೋ ಹಾಗಾದ್ಮೇಲೂ ಆ ಕಂಠ ಹಾಗೇ ಉಳ್ಕೊಂಡಿತು. ನಾನು ಅದನ್ನ ಹೀಗಳೆಯಲ್ಲ, ಪೌರಾಣಿಕಕ್ಕೆ ಅದೇ ಬೇಕು.

1977ರ "ಬಭ್ರುವಾಹನ" ನೋಡಿ, ಅಪ್ಪ ಅರ್ಜುನ ಮಗ ಬಭ್ರುವಾಹನ ಎರಡೂ ರಾಜ್‌ಕುಮಾರ್ ಅವರೇ, ಇಬ್ಬರೂ ಎದುರುಬದುರಾದಾಗ ಹಾಡಲ್ಲೇ ಜಗಳ ಆಡ್ತಾರೆ. ಅಲ್ಲಿ ಬೈಯೋದು ಕಮ್ಮಿ, ಹೊಗಳೋದೇ ಜಾಸ್ತಿ, ಪರಾಕ್ರಮ ಕೊಂಡಾಡ್ತಾ ಕೊಂಡಾಡ್ತಾ ಚರ್ಮ ಸುಲಿಯೋದು. ನಮ್ಮ ಅಲಂಕಾರಶಾಸ್ತ್ರದಲ್ಲಿ ಇದಕ್ಕೆ ವ್ಯಾಜಸ್ತುತಿ ಅಂತಾರೆ. ಇವತ್ತಿನ ಮನೆ ಜಗಳದಲ್ಲಿ "ಓಹೋ, ದೊಡ್ಮನುಷ್ರು ಬಂದ್ರು" ಅಂತೀವಲ್ಲ, ಅದೇ ಗುಂಪಿಗೆ ಸೇರಿದ್ದು.

ಇನ್ನೊಂದು ಹೇಳ್ಬೇಕು, ನಾಟ್ಯಶಾಸ್ತ್ರದಲ್ಲಿ ರೌದ್ರ ರಸಕ್ಕೆ ಕ್ರೋಧ ಸ್ಥಾಯಿಭಾವ, ಅಂದ್ರೆ ಬುಡದಲ್ಲಿ ನಿಲ್ಲೋ ಭಾವ ಅಂತ ಎಲ್ರಿಗೂ ಗೊತ್ತು, ಆದ್ರೆ ಬಂದು ಹೋಗೋ ಸಂಚಾರಿ ಭಾವಗಳಲ್ಲಿ ಅಮರ್ಷ ಅಂತ ಒಂದಿದೆ, ಅದ್ರ ಕಡೆ ಯಾರೂ ನೋಡಲ್ಲ. ವಿದ್ಯೆ, ಹಣ, ಅಧಿಕಾರ ತನಗಿಂತ ಹೆಚ್ಚಿರೋರಿಂದ ಅವಮಾನ ಆದಾಗ ಹುಟ್ಟೋದು ಅಮರ್ಷ. ತಲೆ ಅಲ್ಲಾಡ್ಸೋದು, ಬೆವರೋದು, ತಲೆ ತಗ್ಗಿಸಿ ಯೋಚಿಸೋದು ಅದ್ರ ಲಕ್ಷಣ ಅಂತ ಹೇಳಿದೆ. ರನ್ನನ ದುರ್ಯೋಧನ ಭೀಮನ ಆರ್ಭಟ ಕೇಳಿ ಕಣ್ಣು ಕೆಂಪಾಗಿ ನೀರೊಳಗಿದ್ದೂ ಬೆವರ್ತಾನಲ್ಲ, ಅದೂ ಮಾತಿಲ್ಲದ ಕೋಪ. ನಿಮ್ಮ ಸೀನಲ್ಲಿ ಕ್ರೋಧ ಅಕ್ಕನದು, ಆದ್ರೆ ಅಮರ್ಷ ಇರೋದು ತಮ್ಮನ ಹತ್ರ. ಸಾಕಿದವಳ ಮುಂದೆ, ಓದಿದವಳ ಮುಂದೆ ಅವನು ಜೀವಮಾನ ಪೂರ್ತಿ ಸಣ್ಣವನಾಗೇ ನಿಂತಿದಾನೆ. ಅವನ "ಸಾಕು ನಿಲ್ಲಿಸು" ಅನ್ನೋ ಸಾಲು ಅದಕ್ಕೇ ಸುಳ್ಳು ಅನ್ಸತ್ತೆ, ಅಂಥೋನು ಅಷ್ಟು ಬೇಗ ದನಿ ಎತ್ತಲ್ಲ.

ಕಿಟಕಿಸರಳು:

ಇಷ್ಟು ಜನ ಇಷ್ಟೆಲ್ಲ ಹೇಳಿದ್ರೂ ಅವಳು ಹೆಂಗಸು ಅನ್ನೋದನ್ನ ಯಾರೂ ಎತ್ತಿಲ್ಲ, ಅದಕ್ಕೆ ಬರೀತಿದೀನಿ. ನಮ್ಮ ಸ್ಕ್ರಿಪ್ಟ್‌ಗಳಲ್ಲಿ ಹೆಂಗಸಿನ ಕೋಪಕ್ಕೆ ಎರಡೇ ಸ್ಟಾಪು, ಒಂದೋ ಅಳು, ಇಲ್ಲಾ ಕಾಳಿ ಅವತಾರ. ಕೂಗೋಕೆ ಶುರು ಮಾಡಿದ ಮೂರನೇ ಸಾಲಿಗೆ ಗಂಟಲು ಬಿಗಿದು ಕಣ್ಣೀರು ಬರ್ಲೇಬೇಕು ಅನ್ನೋ ನಿಯಮ ಇದ್ದಂಗಿದೆ, ಗಂಡಸಿನ ಕೋಪ ಮಾತ್ರ ಕೊನೇವರೆಗೂ ಕೋಪವಾಗೇ ಇರ್ಬಹುದು. ಇದ್ರ ಮಧ್ಯೆ ಇರೋ ಇಡೀ ಪ್ರಪಂಚ ಕಾಣೆಯಾಗಿದೆ. ಪಾತ್ರೆ ಜೋರಾಗಿ ಇಡ್ತಾ ಗೊಣಗೋದು, ಅದೂ ಸರಿಯಾಗಿ ಅವನಿಗೆ ಅರ್ಧ ಕೇಳೋ ಅಷ್ಟು ದನೀಲಿ. ಎದುರಿಗಿರೋನ ಹತ್ರ ಮಾತು ಬಿಟ್ಟು ಮಗುವಿನ ಮೂಲಕ ಹೇಳ್ಸೋದು, "ಹೇಳು ನಿಮ್ಮಪ್ಪಂಗೆ, ಬಾಗ್ಲು ತೆಗ್ದಿದೆ ಅಂತ." ಏನಾಯ್ತು ಅಂದ್ರೆ "ಏನಿಲ್ಲ" ಅನ್ನೋದು, ಅದೂ ಆ "ಲ್ಲ" ಮೇಲೆ ಒತ್ತಿ.

ನಿಮ್ಮ ಅಕ್ಕ ಟೀಚರ್ ಅಂತ ಬರ್ದಿದೀರಾ, ಆದ್ರೆ ಸೀನಲ್ಲಿ ಆ ಕೆಲ್ಸ ಎಲ್ಲೂ ಕಾಣ್ಸಲ್ಲ. ವರ್ಷಗಟ್ಲೆ ಕ್ಲಾಸ್ ತಗೊಂಡೋಳಿಗೆ ಸಿಟ್ಟು ಬಂದಾಗ ಕೂಗೋ ಅವಶ್ಯಕತೆ ಬರಲ್ಲ, ತಪ್ಪು ಮಾಡಿದೋನ ಕೈಯಿಂದ್ಲೇ ತಪ್ಪನ್ನ ಓದ್ಸೋದು ಅವಳಿಗೆ ಗೊತ್ತು. ಬ್ಯಾಂಕಿನ ಲೆಟರ್ ಅವನ ಕೈಗೆ ಕೊಟ್ಟು ಓದು ಅನ್ಲಿ. ಮನಸ್ಸಲ್ಲಿ ಓದ್ಕೊಂಡ್ರೆ ಜೋರಾಗಿ ಅನ್ಲಿ. ಅವನು ವಿಷಯ ಬಿಟ್ಟು ಬೇರೆ ಹೇಳೋಕೆ ಹೋದ್ರೆ ಕೇಳಿದ್ದಕ್ಕೆ ಉತ್ತರ ಅನ್ಲಿ. ಪ್ಲೀಸ್, ಅವಳನ್ನ ಅಳಿಸ್ಬೇಡಿ. ಅಳ್ಬೇಕು ಅಂದ್ರೆ ಅವನು ಅಳ್ಲಿ.

ಖಾಲಿಹಾಳೆ:

ಎಲ್ರಿಗೂ ಥ್ಯಾಂಕ್ಸ್, ಎಲ್ಲಾ ಉತ್ತರ ಪ್ರಿಂಟ್ ತೆಗ್ದು ಟೇಬಲ್ ಮೇಲಿಟ್ಕೊಂಡು ಮತ್ತೆ ಬರ್ದೆ. ಇದಕ್ಕೆ ಮುಂಚಿನ ಸೀನ್‌ಗಳಲ್ಲಿ ಕಣೋ, ಪುಟ್ಟಾ ಎಲ್ಲಾ ಸೇರಿಸಿದೀನಿ. ಈಗ ಹೀಗಿದೆ:

ಅಕ್ಕ: ಇದನ್ನ ಓದು.
ತಮ್ಮ: ಏನಕ್ಕಾ ಅದು?
ಅಕ್ಕ: ಓದು.
(ತಮ್ಮ ಲೆಟರ್ ತಗೊಂಡು ಕಣ್ಣಾಡಿಸ್ತಾನೆ.)
ತಮ್ಮ: ನಾನೇ ಹೇಳೋಣ ಅಂತಿದ್ದೆ ಅಕ್ಕಾ...
ಅಕ್ಕ: ಜೋರಾಗಿ.
ತಮ್ಮ: "ಮಾನ್ಯರೇ, ತಮ್ಮ ಸಾಲದ ಖಾತೆಯಲ್ಲಿ ಬಾಕಿ ಇರುವ ಕಂತುಗಳನ್ನು..." ಅಕ್ಕಾ, ಬೇಡ.
ಅಕ್ಕ: ಬೀರು ಕೀ ಎಲ್ಲಿತ್ತು?
ತಮ್ಮ: ನನ್ ಪರಿಸ್ಥಿತಿ ನಿಂಗೆ...
ಅಕ್ಕ: ಕೇಳಿದ್ದಕ್ಕೆ ಉತ್ತರ. ಕೀ ಎಲ್ಲಿತ್ತು?
ತಮ್ಮ: ನಿನ್ ಬ್ಯಾಗಲ್ಲಿ.
ಅಕ್ಕ: ನಾನೆಲ್ಲಿದ್ದೆ?
ತಮ್ಮ: ಮಲಗಿದ್ದೆ. ಜ್ವರ ಇತ್ತಲ್ಲ, ಆವತ್ತು.
ಅಕ್ಕ: ಮುಂದೆ ಓದಿ.

ಆ ಕೊನೇ "ಓದಿ" ಹೇಳುವಾಗ ಕಲಾವಿದೆ ತಾವಾಗೇ ಅವನ ಮುಖದಿಂದ ಕಣ್ಣು ತೆಗೆದು ಲೆಟರ್ ಕಡೆ ನೋಡಿದ್ರು, ನಾನು ಹೇಳಿರ್ಲಿಲ್ಲ. ಬಯಲುಸೀಮಿಯವರ ಮಾತಿನ ಮೇಲೆ ಪಾತ್ರಾನ ಕಲಾವಿದೆಯ ಸ್ವಂತ ಆಡುಮಾತಿಗೇ ಬಿಟ್ಟಿದೀನಿ, ಅವರ ಮನೆ ಮಾತಲ್ಲಿ ಒಂದೆರಡು ಪದ ಬದಲಾಗ್ಬಹುದು. ಈಗ ತೊಂದ್ರೆ ಏನಂದ್ರೆ ಇದಾದ್ಮೇಲೆ ತಮ್ಮ ಏನ್ ಹೇಳ್ತಾನೆ ಅಂತ ಗೊತ್ತಾಗ್ತಿಲ್ಲ, ಸೀನ್ ಇಲ್ಲೇ ಕಟ್ ಮಾಡ್ಲಾ?

ಮೈಕ್‌ಮುಂದೆ:

ಚೆನ್ನಾಗಿದೆ, ಬಾಯಲ್ಲಿ ಕೂರತ್ತೆ. "ಕೇಳಿದ್ದಕ್ಕೆ ಉತ್ತರ" ಆದ್ಮೇಲೆ ಉಸಿರು ತಗೊಳ್ಳೋಕೆ ಬಿಡ್ಬೇಡಿ, "ಕೀ ಎಲ್ಲಿತ್ತು" ಅದೇ ಉಸಿರಲ್ಲಿ ಬರ್ಲಿ. ಎರಡನೇ ಸಲ ಕೇಳುವಾಗ ಮೊದಲನೇ ಸಲಕ್ಕಿಂತ ಮೆತ್ತಗೆ.

ತಿದ್ದುಪಡಿ:

ಕಟ್ ಮಾಡ್ಬೇಡಿ. ಹಳೇರೀಲು ಅವರು ತಮ್ಮನ ಬಗ್ಗೆ ಹೇಳಿದ್ದು ಈಗ ಉಪಯೋಗಕ್ಕೆ ಬರತ್ತೆ. ಇಷ್ಟು ಹೊತ್ತು ಸ್ಕೂಲ್ ಹುಡುಗನ ಥರ ಉತ್ತರ ಕೊಟ್ಟಿದಾನೆ, ಬಹುವಚನ ಕಿವಿಗೆ ಬಿದ್ದಾಗ ಅವನ ಹತ್ರ ಕಳ್ಕೊಳ್ಳೋಕೆ ಇನ್ನೇನೂ ಇಲ್ಲ. ಲೆಟರ್ ಮಡಚಿ ವಾಪಸ್ ಕೊಡ್ತಾ "ಮನೆ ನನ್ ಹೆಸರಲ್ಲಿದೆ" ಅನ್ಲಿ, ಅಷ್ಟೇ, ಜೋರಾಗಿ ಬೇಡ. ಕಾನೂನಿನ ಪ್ರಕಾರ ಸರಿಯಾದ ಮಾತು, ಆ ಮನೇಲಿ ಇಷ್ಟು ವರ್ಷ ಯಾರೂ ಆಡದ ಮಾತು. ಆಮೇಲೆ "ಯಾರ್ ಕೇಳಿದ್ರು ನಿನ್ನ, ನನ್ನ ಸಾಕು ಅಂತ" ಅನ್ನೋ ಥರದ ಸಾಲು ಬರೆಯೋಕೆ ಕೈ ಹೋಗತ್ತೆ, ನಂಗೂ ಮೊದಲು ಅದೇ ಹೊಳೀತು, ಆದ್ರೆ ಅದನ್ನ ಬಿಡಿ, ಹೆಸರಿನ ಮಾತು ಬಿದ್ದ ಮೇಲೆ ಅದು ವಿವರಣೆ ಆಗ್ಬಿಡತ್ತೆ. ಕ್ಯಾಮೆರಾ ಆ ಹೊತ್ತಲ್ಲಿ ಯಾರ ಮೇಲಿರ್ಬೇಕು ಅಂತ ನಿಮ್ಮ ಡಿಓಪಿ, ಅಂದ್ರೆ ಕ್ಯಾಮೆರಾಮನ್ ಜೊತೆ ಮಾತಾಡಿ, ನಾನಾದ್ರೆ ಅಕ್ಕನ ಮೇಲಿಟ್ಟು ಆ ಸಾಲನ್ನ ಆಫ್ ಸ್ಕ್ರೀನ್ ಕೇಳಿಸ್ತೀನಿ.